ಪಂಕ್ತಿಯ ಚಿತ್ರ

ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ತಮಗೆ ಪಂಕ್ತಿಯನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಎದುರುಬದುರಾಗಿ ಎರಡು ಸಾಲು, ನಡುವೆ ಬಡಿಸುವವರ ದಾರಿ. ಈ ದೃಶ್ಯವನ್ನು ಕಾಗದದ ಮೇಲೆ ಬಿಡಿಸಿರೆಂದರೆ ತಾವು ಹೇಗೆ ಬಿಡಿಸುವಿರಿ? ಕ್ಷಣಕಾಲ ಯೋಚಿಸಿ ಮುಂದೆ ಓದಬೇಕೆಂದು ಪ್ರಾರ್ಥನೆ.

1976ನೆಯ ಇಸವಿ. ಹಳ್ಳಿಯ ಶಾಲೆಯೊಂದರಲ್ಲಿ ನಾನು ಚಿತ್ರಕಲಾ ಶಿಕ್ಷಕನಾಗಿ ಸೇರಿದ ಹೊಸತು. ಐದನೆಯ ಇಯತ್ತೆಯ ಮಕ್ಕಳಿಗೆ ‘ಜಾತ್ರೆಯ ಊಟ’ ಎಂಬ ವಿಷಯ ಕೊಟ್ಟಿದ್ದೆ. ಹುಡುಗನೊಬ್ಬನು ಹಾಳೆಯ ಮೇಲ್ಭಾಗದ ಸಾಲನ್ನು ನೆಟ್ಟಗೆ ಬಿಡಿಸಿ, ಕೆಳಗಿನ ಸಾಲಿನವರನ್ನೆಲ್ಲ ತಲೆಕೆಳಗು ಮಾಡಿದ್ದ. ತಾಟುಗಳು ಮಾತ್ರ ಎರಡೂ ಕಡೆ ದುಂಡಗಿದ್ದವು. “ತಲೆಕೆಳಗಾಗಿ ಉಣ್ಣುತ್ತಾರೇನೋ?” ಎಂದು ಕೇಳಿ ಕೆಂಪು ಪೆನ್ಸಿಲಿನಿಂದ ಗೆರೆ ಹೊಡೆದೆ. ತರಗತಿಯೆಲ್ಲ ನಕ್ಕಿತು. ಹುಡುಗ ನಗಲಿಲ್ಲ. “ಇಲ್ರೀ ಸರ, ಹಾಳಿ ಈ ಕಡಿ ತಿರುವಿ ನೋಡ್ರಿ. ಅವರೂ ನೆಟ್ಟಗ ಕುಂತಾರ್ರಿ” ಎಂದ. ಅದನ್ನು ಉದ್ಧಟತನವೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸಿದೆ. ಆ ವರ್ಷವೆಲ್ಲ ಆತ ಕರಿಹಲಗೆಯ ಮೇಲಿನ ಮಾವಿನೆಲೆಯನ್ನು ನಕಲು ಮಾಡಿದನೇ ಹೊರತು ತನ್ನದೆಂಬ ಒಂದು ಗೆರೆಯನ್ನೂ ಎಳೆಯಲಿಲ್ಲ.

ಮಗು ಕಣ್ಣಿಗೆ ಕಂಡುದನ್ನಲ್ಲ, ತಾನು ಅರಿತುದನ್ನು ಬಿಡಿಸುತ್ತದೆಂದು ಫ್ರಾನ್ಸಿನ ಲುಕೆ ಎಂಬ ಪಂಡಿತನು 1927ರಲ್ಲಿಯೇ ಗ್ರಂಥ ಬರೆದು ತೋರಿಸಿದ್ದನು. ತಾಟು ದುಂಡಗಿದೆಯೆಂದು ಮಗುವಿಗೆ ಗೊತ್ತು. ಆದುದರಿಂದ ದುಂಡಗೇ ಬಿಡಿಸುತ್ತದೆ. ನಮ್ಮ ಮೊಗಲ, ರಜಪೂತ ಚಿತ್ರಗಾರರು ರತ್ನಗಂಬಳಿಯನ್ನು ಮೇಲಿನಿಂದ ನೋಡಿದಂತೆಯೂ ಅದರ ಮೇಲೆ ಕುಳಿತವರನ್ನು ಪಕ್ಕದಿಂದ ನೋಡಿದಂತೆಯೂ ಒಂದೇ ಚಿತ್ರದಲ್ಲಿ ಬರೆದಿಲ್ಲವೆ? ಅವರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ!

ಪುಸ್ತಕದಿಂದ ಇಷ್ಟು ತಿಳಿದರೂ ಮನಸ್ಸಿಗೆ ಹತ್ತಿದ್ದು ಬಹುಕಾಲದ ಮೇಲೆ, ದಾಸೋಹದಲ್ಲಿ ಸಾರಿನ ಬಕೀಟು ಹಿಡಿದು ಸಾಲುಗಳ ನಡುವೆ ನಡೆಯುತ್ತಿದ್ದಾಗ. ಎಡಕ್ಕೆ ತಿರುಗಿದರೆ ಆ ಸಾಲು ನನಗೆ ನೆಟ್ಟಗೆ, ಬಲಕ್ಕೆ ತಿರುಗಿದರೆ ಈ ಸಾಲೂ ನೆಟ್ಟಗೆ. ಹುಡುಗ ದೂರ ನಿಂತು ನೋಡಿದವನಲ್ಲ, ಬಡಿಸಿದವನು! ತಾನು ನಿಂತ ಸ್ಥಳವನ್ನು ಹಾಳೆಯ ನಡುವೆ ಇಟ್ಟುಕೊಂಡು ಎರಡು ಕಡೆಗೂ ತಿರುಗಿದ್ದನು. ಬಕೀಟು ಹಿಡಿದು ಅಲ್ಲಿಯೇ ನಿಂತುಬಿಟ್ಟೆ, ಹಿಂದಿನವರು ಗದರಿದರು.

ಹಾಗೆಂದು ದೂರ ಸಮೀಪದ ಲೆಕ್ಕವನ್ನು ಕಲಿಸಲೇಬಾರದೆಂದು ನನ್ನ ಅಭಿಪ್ರಾಯವಲ್ಲ. ಒಂಬತ್ತು ಹತ್ತು ವರ್ಷದ ಮಕ್ಕಳು ತಾವಾಗಿಯೇ “ದೂರದ ಮನೆ ಹೆಂಗ ತಗೀಬೇಕ್ರಿ?” ಎಂದು ಕೇಳತೊಡಗುತ್ತಾರೆ. ಆಗ ಕಲಿಸಬೇಕು. ಹಿಂದೆ ನಾವು ರೈಲನ್ನೇ ಕಾಣದ ಊರಿನ ಮಕ್ಕಳಿಗೆ ಹಳಿಗಳು ಕೂಡುವ ಚಿತ್ರವನ್ನು ಹಲಗೆಯ ಮೇಲೆ ಬರೆದು ಕಂಠಪಾಠ ಮಾಡಿಸುತ್ತಿದ್ದೆವು. ಅದನ್ನು ಬಿಟ್ಟು, ಮಕ್ಕಳನ್ನು ಶಾಲೆಯ ಪಡಸಾಲೆಗೆ ಕರೆತಂದೆ. ಕೈ ನೀಡಿ ಅಡ್ಡಪಟ್ಟಿ ಹಿಡಿದು, ಒಂದು ಕಣ್ಣು ಮುಚ್ಚಿ ಕಂಬಗಳನ್ನು ಅಳೆಯಿರೆಂದೆ. ಹತ್ತು ಅಡಿ ದೂರದ ಕಂಬ ಎಷ್ಟು ಕಾಣುವುದೋ ಇಪ್ಪತ್ತು ಅಡಿಯ ಕಂಬ ಅದರ ಅರ್ಧ ಕಾಣುತ್ತದೆ. ಎರಡೂ ಸಮವೆಂದು ಬಲ್ಲ ಮಕ್ಕಳು ತಮ್ಮ ಕಣ್ಣನ್ನೇ ನಂಬದೆ ಓಡಿಹೋಗಿ ಕಂಬಗಳನ್ನು ತಬ್ಬಿ ನೋಡಿ ಬಂದರು. ಬಳಿಕ ಕಿಟಕಿಯ ಗಾಜಿಗೆ ಮುಖವಿಟ್ಟು, ತಲೆ ಅಲುಗಿಸದೆ, ಹೊರಗೆ ಕಂಡ ಗೋಡೆಯ ಅಂಚುಗಳನ್ನು ಗಾಜಿನ ಮೇಲೆಯೇ ಗೆರೆ ಹಾಕಿಸಿದೆ. ಚಿತ್ರವೆಂದರೆ ತೆರೆದ ಕಿಟಕಿಯಿದ್ದಂತೆ ಎಂಬುದು 1435ರಲ್ಲಿ ಇಟಲಿಯ ಆಲ್ಬರ್ಟಿಯು ಚಿತ್ರಕಲೆಯನ್ನು ಕುರಿತು ಬರೆದ ಗ್ರಂಥದ ಮಾತು. ಕುಳಿತು ಎಳೆದ ಗೆರೆಗಳು ಎದ್ದು ನಿಂತರೆ ಗೋಡೆಗೆ ಹೊಂದಲೊಲ್ಲವು. ಮಕ್ಕಳು ಕೂಡ್ರುವುದು, ಏಳುವುದು, ಕೂಗುವುದು. ಪಕ್ಕದ ತರಗತಿಯ ಗುರುಗಳು ಬಂದು ಬಾಗಿಲಲ್ಲಿ ನಿಂತರು.

ಗಾಜಿನ ಪಾಠದಲ್ಲಿ ನೋಡುವವನು ಒಂದೇ ಕಣ್ಣಿನವನು, ಕದಲದವನು. ಪಂಕ್ತಿಯ ನಡುವೆ ನಡೆದವನ ಚಿತ್ರವನ್ನು ಆ ಗಾಜು ಹಿಡಿಯಲಾರದು. ಇದನ್ನು ಮಕ್ಕಳಿಗೆ ಹೇಳಿಯೇ ಗಾಜಿನ ಬಳಿ ಕರೆದೊಯ್ಯುತ್ತಿದ್ದೆ.

ಆ ಹುಡುಗನ ಹಾಳೆಯನ್ನು ನಾನು ಅಂದೇ ಕಸದ ಬುಟ್ಟಿಗೆ ಹಾಕಿದ್ದೆ. ಎರಡು ಸಾಲುಗಳ ನಡುವೆ ಬಕೀಟು ಹಿಡಿದ ಚಿಕ್ಕದೊಂದು ಆಕೃತಿ ಅದರಲ್ಲಿತ್ತೋ ಇಲ್ಲವೋ, ಎಷ್ಟು ನೆನೆದರೂ ಕಣ್ಣ ಮುಂದೆ ಬರುತ್ತಿಲ್ಲ.