ಲೆಕ್ಕಕ್ಕೆ ಬಾರದ ಪ್ರಾಮಾಣಿಕತೆ

ಕೆಲವು ತಿಂಗಳ ಹಿಂದೆ ಮೈಸೂರಿನ ಉದಯಗಿರಿಯ ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರೊಂದಿಗೆ ನಾನು ಬ್ಯಾಂಕೊಂದಕ್ಕೆ ಹೋಗಿದ್ದೆ. ಬೀದಿಯವರೆಲ್ಲ ಅವರನ್ನು ‘ಖಾಲಾ’ ಎಂದೇ ಕರೆಯುತ್ತಾರೆ. ಪತಿ ತೀರಿಕೊಂಡ ಮೇಲೆ ಊದುಬತ್ತಿ ಹೊಸೆದು ಮೂವರು ಹೆಣ್ಣುಮಕ್ಕಳನ್ನು ಸಾಕಿದವರು. ಕಿರಿಯ ಮಗಳಿಗೆ ಹೊಲಿಗೆ ಬರುತ್ತದೆ. ಮೋಟಾರು ಯಂತ್ರವೊಂದನ್ನು ಕೊಳ್ಳಲು ಅವರಿಗೆ 25,000 ರೂಪಾಯಿ ಬೇಕಾಗಿತ್ತು. ಕನ್ನಡದಲ್ಲಿ ಅರ್ಜಿ ತುಂಬಲು ಬಾರದೆಂದು ನನ್ನನ್ನು ಕರೆದೊಯ್ದಿದ್ದರು.

ಅಧಿಕಾರಿ ಸಜ್ಜನರು. ಗಣಕಯಂತ್ರದ ಪರದೆಯನ್ನು ನೋಡಿ, “ಮೇಷ್ಟ್ರೇ, ಇವರ ಹೆಸರಿನಲ್ಲಿ ಸಾಲದ ಚರಿತ್ರೆಯೇ ಇಲ್ಲ. ಸಿಬಿಲ್ ಅಂಕ ಮೈನಸ್ ಒಂದು ತೋರಿಸುತ್ತಿದೆ” ಎಂದರು. ಆ ಅಂಕ 300ರಿಂದ 900ರವರೆಗೆ ಇರುತ್ತದೆ. ಎಂದೂ ಸಾಲದ ದಾಖಲೆ ಇಲ್ಲದವರಿಗೆ ಮೈನಸ್ ಒಂದು. ಅಂದರೆ ಅವರು ಕೆಟ್ಟವರೆಂದಲ್ಲ, ಅವರನ್ನು ಯಾರೂ ಬಲ್ಲವರಿಲ್ಲ ಎಂದಷ್ಟೇ ಅರ್ಥ. ಖಾಲಾ ನನ್ನ ಮುಖ ನೋಡಿ, “ಹಜ್ರತ್, ನಾನು ಯಾರ ದುಡ್ಡನ್ನೂ ಇಟ್ಟುಕೊಂಡವಳಲ್ಲವಲ್ಲ?” ಎಂದು ಮೆಲುದನಿಯಲ್ಲಿ ಕೇಳಿದರು.

ಆ ಪ್ರಶ್ನೆಗೆ ಉತ್ತರಿಸುವ ಹೊಣೆ ಬ್ಯಾಂಕಿಗಿಂತ ಹೆಚ್ಚಾಗಿ ನನ್ನ ಮೇಲಿತ್ತು. ಏಕೆಂದರೆ ನನಗೆ 2009ನೆಯ ಇಸವಿ ನೆನಪಾಯಿತು.

ಆ ವರ್ಷ ಕೋಲಾರದಲ್ಲಿ ಅಂಜುಮನ್ ಸಮಿತಿಯು, ಮುಸ್ಲಿಮ್ ಮಹಿಳೆಯರು ಕಿರುಸಾಲ ಸಂಸ್ಥೆಗಳಿಗೆ ಕಂತು ಕಟ್ಟಬಾರದೆಂದು ಕರೆ ನೀಡಿತು. ಬಡ್ಡಿಯ ಪಾಪ, ಕಂತಿನ ಒತ್ತಡ, ಒಂದೇ ಮನೆಯವರು ಹಲವು ಕಡೆ ಮಾಡಿಕೊಂಡ ಸಾಲ, ಇವೆಲ್ಲ ಸೇರಿದ್ದವು. ಆ ಕಾವು ಶಿಡ್ಲಘಟ್ಟ, ರಾಮನಗರಗಳಿಗೂ ನಮ್ಮ ಮೈಸೂರಿಗೂ ಹಬ್ಬಿತು. ಮದ್ರಸಾದಿಂದ ಹೊರಬಂದು ಹೆಚ್ಚು ಕಾಲವಾಗಿರದ ನಾನೂ ಬಡ್ಡಿಯ ವಿರುದ್ಧ ಆವೇಶದಿಂದ ಮಾತನಾಡಿದೆ. ನಮ್ಮ ಬೀದಿಯ ಹಲವರು ಕಂತು ನಿಲ್ಲಿಸಿದರು. ಖಾಲಾ ಮಾತ್ರ ನಿಲ್ಲಿಸಲಿಲ್ಲ. “ಬಡ್ಡಿ ತಪ್ಪೇ ಇರಬಹುದು ಹಜ್ರತ್, ಆದರೆ ಅಸಲು ನಾನು ತಿಂದದ್ದಲ್ಲವೇ?” ಎಂದು ಕೊನೆಯ ಕಂತಿನವರೆಗೂ ಕಟ್ಟಿದರು. ಅನಂತರ ನನ್ನ ಮಾತಿಗೆ ಬೆಲೆಕೊಟ್ಟು ಮತ್ತೆಂದೂ ಬಡ್ಡಿಯ ಸಾಲದ ಬಳಿ ಸುಳಿಯಲಿಲ್ಲ.

ಅಂದಿನ ಆ ಕಂತುಗಳು ಯಾವ ದಾಖಲೆಯಲ್ಲೂ ಉಳಿದಿಲ್ಲ. ಕಿರುಸಾಲಗಳ ವಿವರವು ಸಾಲ ಮಾಹಿತಿ ಕಂಪೆನಿಗಳಿಗೆ ವ್ಯವಸ್ಥಿತವಾಗಿ ಹೋಗತೊಡಗಿದ್ದು 2010ರ ಆಂಧ್ರದ ಬಿಕ್ಕಟ್ಟಿನ ನಂತರ. ಹೀಗೆ ಅವರ ಪ್ರಾಮಾಣಿಕತೆಯನ್ನು ಯಾರೂ ಬರೆದಿಡಲಿಲ್ಲ. ಅವರ ದೇವಭಯವು ಪರದೆಯ ಮೇಲೆ ಮೈನಸ್ ಒಂದು ಆಯಿತು.

ಪ್ರಿಯ ಓದುಗರೇ, ಬಡ್ಡಿ ನಿಷಿದ್ಧವೆಂಬ ನನ್ನ ನಂಬಿಕೆ ಇಂದಿಗೂ ಕದಲಿಲ್ಲ. ಆದರೆ ಒಂದು ಬಾಗಿಲನ್ನು ಮುಚ್ಚಿದವನು ಇನ್ನೊಂದನ್ನು ತೆರೆಯಬೇಕಾಗಿತ್ತು. ನಾವು ತೆರೆಯಲಿಲ್ಲ. ಆಸ್ಪತ್ರೆಯ ಬಿಲ್ಲು, ಶಾಲೆಯ ಶುಲ್ಕ, ಮಗಳ ಮದುವೆ ನಮ್ಮ ಉಪದೇಶ ಮುಗಿಯುವವರೆಗೆ ಕಾಯುವುದಿಲ್ಲ. ಬ್ಯಾಂಕಿನ ಬಾಗಿಲೂ ಮಸೀದಿಯ ಬಾಗಿಲೂ ತೆರೆಯದಿದ್ದಾಗ ಬಡವನು ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. ವಸೂಲಿಯ ಕಿರುಕುಳ ಮಿತಿಮೀರಿದಾಗ ನಮ್ಮ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ. ಕಾನೂನು ಕಿರುಕುಳವನ್ನು ತಡೆಯಬಲ್ಲದು. ಆದರೆ ನಾಳೆ ಬೆಳಿಗ್ಗೆ ಬೇಕಾಗುವ ಹಣವನ್ನು ಕೊಡಲಾರದು.

ಸಾಲದ ವಿಷಯದಲ್ಲಿ ಇಸ್ಲಾಮಿನ ಬೋಧನೆ ಎಷ್ಟು ಸಮಗ್ರವಾಗಿದೆಯೆಂಬುದನ್ನು ನಾನು ಬಹಳ ತಡವಾಗಿ ಅರಿತೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ನಮಾಝೂ ಅಲ್ಲ, ಉಪವಾಸವೂ ಅಲ್ಲ, ಸಾಲವನ್ನು ಬರೆದಿಡುವುದು! ಮೊತ್ತ ಚಿಕ್ಕದಿರಲಿ, ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ಅಲ್ಲಿ ಆದೇಶವಿದೆ. ಅದಕ್ಕಿಂತ ಎರಡು ಸೂಕ್ತಗಳ ಹಿಂದೆ, ಸಾಲಗಾರ ಸಂಕಷ್ಟದಲ್ಲಿದ್ದರೆ ಅವನಿಗೆ ಬಿಡುವು ಕೊಡಬೇಕೆಂಬ ಬೋಧನೆಯಿದೆ. ಝಕಾತಿನ ಎಂಟು ಬಾಬುಗಳಲ್ಲಿ ಸಾಲದಲ್ಲಿ ಮುಳುಗಿದವರದ್ದೂ ಒಂದು. ಪ್ರವಾದಿ(ಸ) ಅವರು ಮನೆಯವರಿಗಾಗಿ ಯಹೂದಿಯೊಬ್ಬರಿಂದ ಬಾರ್ಲಿಯನ್ನು ಸಾಲವಾಗಿ ಪಡೆದು, ತಮ್ಮ ಕಬ್ಬಿಣದ ಕವಚವನ್ನು ಒತ್ತೆಯಿಟ್ಟಿದ್ದರು. ಅವರು ಇಹಲೋಕ ತ್ಯಜಿಸಿದಾಗಲೂ ಅದು ಒತ್ತೆಯಲ್ಲೇ ಇತ್ತು. ಸಾಲ ಕೇಳುವುದು ಅವಮಾನವಲ್ಲವೆಂದು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಬಡ್ಡಿಯಿಲ್ಲದ ಸಾಲ ಕೇವಲ ಆದರ್ಶದ ಮಾತಲ್ಲ. ದೇವ್‌ಬಂದ್‌ನಲ್ಲಿ 1961ರಲ್ಲಿ ಮುಸ್ಲಿಮ್ ಫಂಡ್ ಆರಂಭವಾಯಿತು. ಸಾಮಾನ್ಯರ ಪುಟ್ಟ ಉಳಿತಾಯವನ್ನು ಕೂಡಿಸಿ, ಆಭರಣದ ಒತ್ತೆಯ ಮೇಲೆ ಬಡ್ಡಿಯಿಲ್ಲದೆ ಸಾಲ ಕೊಡುವುದು ಅದರ ಕ್ರಮ. ನಮ್ಮ ರಾಜ್ಯದಲ್ಲೇ 2018ರಲ್ಲಿ ‘ಬಡವರ ಬಂಧು’ ಯೋಜನೆಯಡಿ ಸಹಕಾರಿ ಬ್ಯಾಂಕುಗಳ ಮೂಲಕ ಬೀದಿಬದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿವರೆಗೆ ಬಡ್ಡಿರಹಿತ ಸಾಲ ಕೊಡಲಾಯಿತು. ಆದರೆ ಸದುದ್ದೇಶವೊಂದೇ ಸಾಲದು. ‘ಹಲಾಲ್’ ಎಂಬ ಹೆಸರನ್ನು ನಂಬಿ ನಮ್ಮ ಸಮುದಾಯದ ಸಾವಿರಾರು ಕುಟುಂಬಗಳು 2019ರಲ್ಲಿ ಬೆಂಗಳೂರಿನಲ್ಲಿ ಬದುಕಿನ ಗಳಿಕೆಯನ್ನೇ ಕಳೆದುಕೊಂಡದ್ದನ್ನು ನಾವು ಕಂಡಿದ್ದೇವೆ. ಗಡ್ಡ, ಟೋಪಿಗಳು ಲೆಕ್ಕಪತ್ರಕ್ಕೆ ಬದಲಿಯಾಗಲಾರವು.

ಬ್ಯಾಂಕಿನಿಂದ ಮರಳಿದ ಮೇಲೆ ನಾನು ಮೂವರು ಗೆಳೆಯರನ್ನು ಕರೆದೆ. ಒಬ್ಬರು ದರ್ಜಿ, ಒಬ್ಬರು ಹಣ್ಣಿನ ವ್ಯಾಪಾರಿ, ಇನ್ನೊಬ್ಬರು ನನ್ನಂತೆಯೇ ಶಿಕ್ಷಕರು. ನಾಲ್ವರೂ ಕೈಲಾದಷ್ಟು ಸೇರಿಸಿ 25,000 ರೂಪಾಯಿ ಕೂಡಿಸಿದೆವು. ಇನ್ನೂರು ಪುಟಗಳ ಒಂದು ನೋಟ್ ಪುಸ್ತಕ ತಂದು ಮೊದಲ ಪುಟದಲ್ಲಿ ಮೊತ್ತ, ದಿನಾಂಕ, ತಿಂಗಳಿಗೆ 1,500ರ ಕಂತು ಎಲ್ಲವನ್ನೂ ಬರೆದು, ಸಾಕ್ಷಿಗಳ ಸಹಿ ಹಾಕಿಸಿದೆವು. ಖಾಲಾ ಹೆಬ್ಬೆಟ್ಟು ಒತ್ತುವಾಗ, “ಇದನ್ನು ಯಾಕೆ ಬರೆಯುತ್ತೀರಿ ಹಜ್ರತ್? ನನ್ನ ಮೇಲೆ ನಂಬಿಕೆ ಇಲ್ಲವೇ?” ಎಂದು ಕೇಳಿದರು. “ನಂಬಿಕೆ ಇದೆ ಖಾಲಾ. ಆ ನಂಬಿಕೆಗೆ ಸಾಕ್ಷ್ಯ ಇರಲೆಂದು ಬರೆಯುತ್ತಿದ್ದೇನೆ” ಎಂದೆ. ಇಂದಿನವರೆಗೆ ಐದು ಕಂತುಗಳು ಬಂದಿವೆ. ಒಂದೂ ತಡವಾಗಿಲ್ಲ.

ಈ ನೋಟ್ ಪುಸ್ತಕವನ್ನು ಯಾವ ಬ್ಯಾಂಕೂ ದಾಖಲೆಯೆಂದು ಒಪ್ಪಲಿಕ್ಕಿಲ್ಲ. ಆದ್ದರಿಂದ ಲೋಕದ ದಾಖಲೆಯನ್ನೂ ನಾವು ಬಿಡಬಾರದು. ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂಬುದನ್ನು ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಸ್ಪಷ್ಟಪಡಿಸಿದೆ. ಸಾಲ ಮಾಹಿತಿ ಕಂಪೆನಿಗಳು ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವೂ ಇದೆ. ನಮ್ಮ ಮಸೀದಿಗಳಲ್ಲಿ ಜುಮಾ ನಮಾಝಿನ ನಂತರ ಓದು ಬಲ್ಲ ನಾಲ್ವರು ಯುವಕರು ಕುಳಿತು ಇಂತಹ ಅರ್ಜಿಗಳನ್ನು ತುಂಬಿಕೊಟ್ಟರೆ, ಅದೂ ಒಂದು ಸದಕವೇ.

ಸಾಲ ತೀರಿಸದೆ ಮೃತನಾದವನ ಜನಾಝಾ ನಮಾಝಿಗೆ ಪ್ರವಾದಿ(ಸ) ಅವರು ಹಿಂಜರಿದಾಗ, ಸಂಗಾತಿಯೊಬ್ಬರು ಮುಂದೆ ಬಂದು ಆ ಸಾಲ ತಮ್ಮ ಮೇಲಿರಲೆಂದರು. ಆ ಬಳಿಕವೇ ನಮಾಝ್ ನಡೆಯಿತು. 2009ರಲ್ಲಿ ನಾನು ಮಾತನಾಡಿದೆ, ಹೊಣೆ ಹೊರಲಿಲ್ಲ. ಅದು ನನ್ನ ಮೇಲಿರುವ ಸಾಲ. ಅದರ ಮೊದಲ ಕಂತನ್ನು ಈಗಷ್ಟೇ ಕಟ್ಟಿದ್ದೇನೆ. ಉಳಿದದ್ದನ್ನು ತೀರಿಸುವ ಆಯುಷ್ಯವನ್ನೂ ಮನಸ್ಸನ್ನೂ ಅಲ್ಲಾಹನು ದಯಪಾಲಿಸಲಿ. ಆಮೀನ್.