ಓದಿ ಹೇಳುವ ಬಾಯಿ

ಸ್ಕ್ಯಾನಿಂಗ್ ಕೋಣೆಯ ಪರದೆಯ ಮೇಲೆ ಕಾಣುವುದು ಮಗುವಲ್ಲ, ಮಾರ್ದನಿ. ಕಿವಿಗೆ ಕೇಳದ ಶಬ್ದ ಹೊಟ್ಟೆಯೊಳಗೆ ಹೊಕ್ಕು, ಮೂಳೆಗೊಂದು ರೀತಿ, ಮಾಂಸಕ್ಕೊಂದು ರೀತಿ ತಾಗಿ ಮರಳಿದ್ದನ್ನು ಯಂತ್ರ ಬೂದು ಚುಕ್ಕೆಗಳಾಗಿ ಚೆಲ್ಲುತ್ತದೆ. ಲೋಹದ ಬಿರುಕು ಹುಡುಕಲು ಕಾರ್ಖಾನೆಯಲ್ಲಿದ್ದ ಈ ಉಪಾಯವನ್ನು ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಪರೀಕ್ಷೆಗೆ ತಂದು, 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಆ ಚುಕ್ಕೆಗಳಲ್ಲಿ ತಲೆ ಯಾವುದು, ತೊಡೆ ಯಾವುದು ಎಂದು ಬಸುರಿಗೆ ತಾನಾಗಿ ತಿಳಿಯದು. ಬೆರಳಿಟ್ಟು ತೋರಿಸುವವರು ಬೇಕು. ಹಾಗಾಗಿ ಸ್ಕ್ಯಾನಿಂಗಿನ ಅರ್ಥವಿರುವುದು ಚಿತ್ರದಲ್ಲಲ್ಲ, ಅದನ್ನು ಓದಿ ಹೇಳುವ ಬಾಯಲ್ಲಿ.

ನಮ್ಮ ಕಾನೂನಿಗೆ ಇದು ಚೆನ್ನಾಗಿ ಗೊತ್ತು. 1994ರ ಕಾಯ್ದೆ ಸ್ಕ್ಯಾನಿಂಗನ್ನು ನಿಷೇಧಿಸಲಿಲ್ಲ. ಲಿಂಗ ಪತ್ತೆಯನ್ನು ತಡೆದದ್ದಲ್ಲದೆ, ಕಂಡದ್ದನ್ನು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸಬಾರದೆಂದಿತು. ಸನ್ನೆಯನ್ನೂ ಹೆಸರಿಸಿ ಬಾಯಿ ಕಟ್ಟಬೇಕಾಯಿತು ಎಂದರೆ ಹೆಣ್ಣು ಬೇಡವೆಂಬ ರೋಗ ಎಷ್ಟು ಆಳದ್ದಿರಬೇಕು! ಆದರೂ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ಕ್ಕೆ 946ಕ್ಕಿಳಿಯಿತು. 2011ರಲ್ಲಿ ಏರಿದ್ದು ಬರೀ ಎರಡು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಯಂತ್ರವಿಟ್ಟು ಲಿಂಗ ಹೇಳುತ್ತಿದ್ದುದು ಬಯಲಾಯಿತು. ಬೆಲ್ಲ ಕಾಯಿಸುವ ಕಡೆ!

ಯಂತ್ರವನ್ನೇಕೆ ದೂರುತ್ತೀರಿ, ಹೆಣ್ಣೆಂದರೆ ಮೂಗು ಮುರಿಯುವ ಚಾಳಿ ಅದಕ್ಕಿಂತ ಹಳೆಯದಲ್ಲವೇ ಎಂದರೆ, ಹೌದು. ಆದರೆ ಹುಟ್ಟಿದ ಕೂಸನ್ನು ಬೇಡವೆನ್ನಲು ಅದರ ಮುಖ ನೋಡಬೇಕಿತ್ತು. ಈಗ ಪರರ ಬಾಯಿಂದ ಬಿದ್ದ ಒಂದು ಪದ ಸಾಕು. ಗರ್ಭಕೋಶದ ಬಾಯಿಗೆ ಅಡ್ಡವಾದ ಮಾಸು, ನಾಳದಲ್ಲೇ ನಿಂತ ಬಸಿರು, ಇವನ್ನು ಹೊತ್ತಿಗೆ ಮುಂಚೆ ಹೇಳಿ ಪ್ರಾಣ ಉಳಿಸಿದ್ದೂ ಇದೇ ಓದು ಎಂಬುದನ್ನು ಅಲ್ಲಗಳೆಯಲಾರೆ. ಹಾಗಾದರೆ ಲಿಂಗವನ್ನು ಎಲ್ಲರಿಗೂ ಹೇಳಿಬಿಟ್ಟು, ಆ ಬಸಿರನ್ನು ಹೆರಿಗೆಯವರೆಗೆ ಸರ್ಕಾರವೇ ಕಾಯಲಿ ಎಂದು 2016ರಲ್ಲಿ ಸಚಿವೆ ಮೇನಕಾ ಗಾಂಧಿ ಸೂಚಿಸಿದ್ದರು. ನನಗೆ ಒಪ್ಪಿಗೆಯಿಲ್ಲ: ಆಗ ಕಾವಲು ಯಂತ್ರದಿಂದ ಕದಲಿ ಹೆಂಗಸಿನ ಹೊಟ್ಟೆಗೆ ಬೀಳುತ್ತದೆ, ಗರ್ಭ ತಾನಾಗಿ ಇಳಿದುಹೋದವಳೂ ಅಪರಾಧಿಯಾಗುತ್ತಾಳೆ.

ಕಟ್ಟಿದ ಬಾಯಿಯ ಬಗ್ಗೆ ನನ್ನ ತಕರಾರು ಬೇರೆ. ಕಾಯ್ದೆ ಮುಚ್ಚಿಡೆಂದದ್ದು ಲಿಂಗವೊಂದನ್ನೇ. ಎದೆಬಡಿತ, ಬೆಳವಣಿಗೆ, ನೀರಿನ ಮಟ್ಟವನ್ನು ಹೇಳಬೇಡವೆಂದಿಲ್ಲ. ಆದರೂ ಪರದೆ ಬಸುರಿಯ ಕಡೆ ತಿರುಗದಿದ್ದರೆ, ರಾತ್ರಿಯಿಡೀ ಮಗು ಒದ್ದದ್ದನ್ನು ಬಲ್ಲ ಅವಳೇ ಹೊಟ್ಟೆಯ ಜೆಲ್ ಒರೆಸಿಕೊಂಡು ಹೊರಬಂದು, ಮುಚ್ಚಿದ ಲಕೋಟೆ ಹಿಡಿದ ಗಂಡನನ್ನು ಕೇಳುತ್ತಾಳೆ: ‘ಮಗು ಚೆನ್ನಾಗಿದೆಯಂತಾ?’