ತೂಗುವ ಒಲೆ, ತುಳುಕದ ಪಾತ್ರೆ

ಅನ್ನವು ಪ್ರಸಾದವಾಗುವುದಕ್ಕೆ ಮುನ್ನ ಬೆಂಕಿಯನ್ನು ಹಾಯ್ದು ಬರಬೇಕು. ಆದಕಾರಣ ಮನೆಗೆ ಒಲೆಯನ್ನು ಆರಿಸುವುದು ಸಣ್ಣ ವಿಷಯವೆಂದು ನಮ್ಮ ಹಿರಿಯರು ಎಂದೂ ಭಾವಿಸಲಿಲ್ಲ. ಆದರೆ ತುರುವನೂರಿನಂಥ ಬಯಲುಸೀಮೆಯ ಊರಿನವರಾದ ನಾವು ಕಡಲಿನ ಮೇಲೆ ತೇಲುವ ದೋಣಿಯೊಂದಕ್ಕೆ ಒಲೆ ಆರಿಸುವ ಪ್ರಸಂಗ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ನಮ್ಮ ಸೀಮೆಯವರಿಗೆ ದೊಡ್ಡ ನೀರೆಂದರೆ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ. 1907ರಲ್ಲಿ ಪೂರ್ಣಗೊಂಡ ಆ ಜಲಾಶಯವು 1933ರ ತರುವಾಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಅಷ್ಟು ಕಾಲ ಕೋಡಿಗಾಗಿ ಕಾದ ಜನಕ್ಕೆ ಕಡಲು ದೂರದ ಮಾತೇ ಸರಿ.

ನಮ್ಮ ಮಗ ಉದ್ಯೋಗನಿಮಿತ್ತ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿದ್ದಾನೆ. ಹಾಯಿದೋಣಿಗಳ ನಗರವೆಂದೇ ಅದಕ್ಕೆ ಹೆಸರು. ಅಲ್ಲಿ ಅವನು ಇಬ್ಬರು ಗೆಳೆಯರೊಡನೆ ಕೂಡಿ ಇಪ್ಪತ್ತಾರು ಅಡಿ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡನು. ಅದರೊಳಗಿನ ಅಡಿಗೆಯ ಜಾಗ ನಮ್ಮ ಮನೆಯ ದೇವರಗೂಡಿಗಿಂತ ತುಸು ದೊಡ್ಡದು. ಇದ್ದ ಒಲೆ ತುಕ್ಕು ತಿಂದಿತ್ತು. ರಾತ್ರಿ ದೋಣಿಯಲ್ಲೇ ತಂಗಿದ ದಿನ ಬೆಳಗ್ಗೆ ಲಿಂಗಪೂಜೆ ಮುಗಿಸಿ, ತಾನೇ ಬೇಯಿಸಿದ್ದನ್ನು ಉಣ್ಣಬೇಕೆಂಬುದು ಅವನ ನಿಯಮ. “ಅಪ್ಪಾಜಿ, ಮೂರು ಬಗೆಯ ಒಲೆಗಳಿವೆ. ಯಾವುದನ್ನು ಹಾಕಿಸಲಿ?” ಎಂದು ದೂರವಾಣಿಯಲ್ಲಿ ಕೇಳಿದನು.

ಅಲ್ಲಿಯ ಬಲ್ಲವರನ್ನು ಕೇಳೆಂದು ನಾವು ಹೇಳಿಬಿಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಒಲೆಯ ಮಾತು ಹಗುರವಾಗಿ ಬರುವುದಿಲ್ಲ. 1979ರ ಒಂದು ಸಂಜೆ ನಮ್ಮ ಅಕ್ಕ ಪಂಪ್ ಸ್ಟೌವಿಗೆ ಸೀಮೆಎಣ್ಣೆ ತುಂಬುತ್ತಿದ್ದರು. ಮನೆಗೆ ನೆಂಟರು ಬಂದಿದ್ದರು, ಅಡಿಗೆಗೆ ಆತುರವಿತ್ತು. ಸ್ಟೌವು ಇನ್ನೂ ಬಿಸಿಯಾಗಿತ್ತು, ಪಕ್ಕದಲ್ಲಿ ಸೌದೆಯ ಒಲೆ ಉರಿಯುತ್ತಿತ್ತು. ಚೆಲ್ಲಿದ ಎಣ್ಣೆ ಭಗ್ಗನೆ ಹೊತ್ತಿತು. ಅಜ್ಜನವರು ಹೊದ್ದಿದ್ದ ಕಂಬಳಿಯನ್ನೇ ಅಕ್ಕನ ಮೇಲೆ ಎಸೆದು ಉರಿ ಆರಿಸಿದರು. ಜೀವ ಉಳಿಯಿತು. ಆದರೆ ಎಡಗೈಯ ಚರ್ಮ ಸುಟ್ಟು ಮುದುಡಿ, ಅಂಗೈ ಇಂದಿಗೂ ಪೂರ್ತಿ ಬಿಚ್ಚುವುದಿಲ್ಲ. ಇಷ್ಟಲಿಂಗವನ್ನು ಆ ಅಂಗೈಯಲ್ಲಿ ಇರಿಸಿಕೊಂಡು, ಬಲಗೈಯ ಆಸರೆ ಕೊಟ್ಟು, ಅವರು ದಿನವೂ ಪೂಜಿಸುತ್ತಾರೆ.

ಆದುದರಿಂದ ನಾವು ಮೂರೂ ಒಲೆಗಳ ಗುಣದೋಷಗಳನ್ನು ವಿಚಾರಿಸತೊಡಗಿದೆವು. ಮೊದಲನೆಯದು ನಮಗೆ ಚಿರಪರಿಚಿತವಾದ ಪಂಪ್ ಸ್ಟೌವೇ. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ರೂಪಿಸಿದ ಈ ಬಗೆಯ ಒಲೆ ಹಲವು ದಶಕಗಳ ಕಾಲ ನಾವಿಕರಿಗೂ ಅನ್ನ ಬೇಯಿಸಿಕೊಟ್ಟಿದೆ. ಉರಿ ಬಲು ಜೋರು. ಆದರೆ ಮೊದಲು ಸ್ಪಿರಿಟ್ ಸುರಿದು ಬರ್ನರನ್ನು ಚೆನ್ನಾಗಿ ಕಾಯಿಸದಿದ್ದರೆ ಎಣ್ಣೆ ಆವಿಯಾಗದೆ ಉರಿ ಮೇಲೆದ್ದು ಬರುತ್ತದೆ. ಅಲುಗಾಡುವ ದೋಣಿಯಲ್ಲಿ ಅದು ಅಪಾಯ.

ಎರಡನೆಯದು ಗ್ಯಾಸ್ ಒಲೆ. 2016ರ ಉಜ್ವಲಾ ಯೋಜನೆಯ ತರುವಾಯ ನಮ್ಮ ಹಳ್ಳಿಯ ಬಡವರ ಮನೆಗಳಿಗೂ ಬಂದ ಅನುಕೂಲವಿದು. ಆದರೆ ಅಡಿಗೆಯ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಡಿ ತೆರೆದ ಬಾಗಿಲಿನಿಂದ ಹೊರಹೋಗಲು ದಾರಿಯುಂಟು. ದೋಣಿಯ ತಳಕ್ಕೆ ಬಾಗಿಲೆಲ್ಲಿದೆ? ಬಾವಿಯಲ್ಲಿ ನೀರು ನಿಂತಂತೆ ಅನಿಲ ಅಲ್ಲಿಯೇ ನಿಲ್ಲುತ್ತದೆ, ಒಂದು ಕಿಡಿ ತಾಗಿದರೆ ದೋಣಿಯೇ ಸಿಡಿಯುತ್ತದೆ. ಅದಕ್ಕಾಗಿ ಸಿಲಿಂಡರನ್ನು ಹೊರಗಿನ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಸೋರಿದ ಅನಿಲ ಹೊರಕ್ಕೆ ಹೋಗಲು ಪೆಟ್ಟಿಗೆಯ ತಳದಿಂದ ಕೊಳವೆ ಬಿಡುತ್ತಾರೆ. ಮಗನ ಪುಟ್ಟ ದೋಣಿಯಲ್ಲಿ ಅಂಥ ಪೆಟ್ಟಿಗೆಗೆ ಸ್ಥಳವಿರಲಿಲ್ಲ.

ಮೂರನೆಯದು ಸ್ಪಿರಿಟ್ ಒಲೆ, ಅರ್ಥಾತ್ ಮದ್ಯಸಾರದಿಂದ ಉರಿಯುವುದು. ಇದನ್ನು ಕೇಳಿ ನಮಗೆ ನಗು ಬಂದಿತು. 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿದ ಊರು ನಮ್ಮದು. ಆ ಊರಿನ ಹುಡುಗನ ದೋಣಿಗೆ ಮದ್ಯಸಾರದ ಒಲೆಯೇ! ಆದರೆ ಕುಡಿಯಲು ಬಾರದಂತೆ ಕೆಡಿಸಿದ ಈ ಸ್ಪಿರಿಟ್ಟನ್ನು ಒಲೆಯ ಡಬ್ಬಿಯೊಳಗಿನ ನಾರು ಹೀರಿಕೊಂಡಿರುತ್ತದೆ. ಗಾಳಿಯ ಒತ್ತಡವೂ ಇಲ್ಲ, ದೋಣಿ ವಾಲಿದರೆ ಚೆಲ್ಲುವ ಭಯವೂ ಕಡಿಮೆ. ಶಾಖ ಮಾತ್ರ ಮಂದ. ಒಂದು ಕಿಲೋ ಸೀಮೆಎಣ್ಣೆಯಲ್ಲಿ ಸುಮಾರು 43 ಮೆಗಾಜೌಲ್ ಶಾಖವಿದ್ದರೆ ಇದರಲ್ಲಿ 27ರಷ್ಟು. ಇದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿತೆಂದು ತಿಳಿದು ಮತ್ತೆ ತುಂಬಲು ಹೋದವರು ಸುಟ್ಟುಕೊಂಡದ್ದುಂಟು.

ನಾವು ಇದನ್ನೆಲ್ಲ ವಿವರಿಸುವಾಗ ಅಕ್ಕ ಸುಮ್ಮನೆ ಕೇಳುತ್ತಿದ್ದರು. ಕೊನೆಗೆ ದೂರವಾಣಿಯನ್ನು ತಾವೇ ತೆಗೆದುಕೊಂಡರು. “ಮಗಾ, ಒಲೆಯ ಚೆಂದ ಆಮೇಲೆ ನೋಡೋಣ. ಎಣ್ಣೆ ತುಂಬುವುದು ಎಲ್ಲಿ? ಹೊತ್ತಿಕೊಂಡರೆ ಯಾತರಿಂದ ಆರಿಸುತ್ತೀ? ನೀನು ಹೊರಗೆ ಓಡುವ ದಾರಿ ಯಾವ ಕಡೆಗಿದೆ?” ಎಂದು ಕೇಳಿದರು.

ಮಗ ತುಸು ಹೊತ್ತು ಮಾತನಾಡಲಿಲ್ಲ. “ಅತ್ತೆ, ಬೆಂಕಿ ಆರಿಸುವ ಸಾಧನವನ್ನು ಒಲೆಯ ಹಿಂದಿನ ಗೋಡೆಗೇ ತೂಗುಹಾಕಿದ್ದೇನೆ” ಎಂದನು. ಉರಿಯ ಮೇಲೆ ಕೈಚಾಚದೆ ಅದು ಸಿಕ್ಕುವಂತಿರಲಿಲ್ಲ! ಅಂದೇ ಅದನ್ನು ಮೆಟ್ಟಿಲ ಬಳಿಗೆ ಸರಿಸಿದನು. ಜೊತೆಗೆ ಬೆಂಕಿ ಮುಚ್ಚುವ ಕಂಬಳಿಯೊಂದನ್ನೂ ಇರಿಸಿದನು. ಕಂಬಳಿಯೆಂಬ ಮಾತು ಕೇಳಿ ಅಕ್ಕನ ಕಣ್ಣು ತುಂಬಿತು.

ಅಂತೂ ಸ್ಪಿರಿಟ್ ಒಲೆಯೇ ನಿಶ್ಚಯವಾಯಿತು. ಒಲೆ ಪೂರ್ತಿ ತಣ್ಣಗಾದ ಮೇಲೆ, ಡಬ್ಬಿಯನ್ನು ಹೊರಗೆ ತೆಗೆದು ತುಂಬಬೇಕು. ಅಡಿಗೆಯ ವೇಳೆ ಗಾಳಿಗಂಡಿ ತೆರೆದಿರಬೇಕು. ಚಳಿ ಕಾಯಿಸಲು ಒಲೆ ಹಚ್ಚಿಟ್ಟು ಮಲಗಕೂಡದು ಎಂದು ಕಟ್ಟುಪಾಡಾಯಿತು. ಮುಚ್ಚಿದ ಕೋಣೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ಆ ಒಲೆಯನ್ನು ಕೂಡಿಸಿದ ರೀತಿ ನಮಗೆ ಬಹುವಾಗಿ ಹಿಡಿಸಿತು. ಎರಡು ಕೀಲುಗಳ ಮೇಲೆ ತೊಟ್ಟಿಲಿನಂತೆ ಅದನ್ನು ತೂಗುಹಾಕಿರುತ್ತಾರೆ. ಭಾರವೆಲ್ಲ ಕೀಲಿನ ಕೆಳಗಿರುವುದರಿಂದ ದೋಣಿ ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಪಾತ್ರೆ ಸಮವಾಗಿಯೇ ನಿಲ್ಲುತ್ತದೆ. ಮುದ್ದೆ ತೊಳಸುವಾಗ ಮಾತ್ರ ಒಲೆಯೇ ತೂಗಾಡಿತಂತೆ. ಅಂಥ ಕೆಲಸಕ್ಕೆ ದೋಣಿಯನ್ನು ದಡದಲ್ಲಿ ಕಟ್ಟಿ, ಒಲೆಗೆ ಚಿಲಕ ಹಾಕಬೇಕೆಂದು ಅವನಿಗೆ ಆಮೇಲೆ ತಿಳಿಯಿತು. ಬೇಳೆಗೆ ಪ್ರೆಷರ್ ಕುಕ್ಕರೇ ಉತ್ತಮ, ಬಿಗಿದ ಮುಚ್ಚಳದಿಂದ ಏನೂ ಚೆಲ್ಲದು.

ದೋಣಿಯಾಗಲಿ ಮನೆಯಾಗಲಿ, ಒಲೆಯನ್ನು ಅದರ ಹೊಳಪಿನಿಂದ ಆರಿಸಬಾರದು. ತುಂಬುವ ಬಗೆ, ಆರಿಸುವ ಬಗೆ, ಪಾರಾಗುವ ದಾರಿ ಈ ಮೂರನ್ನು ಮೊದಲು ನೋಡಬೇಕು. ನಮ್ಮ ಮಾತೆಯರು, ಸೊಸೆಯಂದಿರು ದಿನವೂ ಬೆಂಕಿಯ ಮುಂದೆ ನಿಂತು ದಾಸೋಹ ನಡೆಸುವವರು. ನೆಂಟರು ತುಸು ಕಾಯಲಿ, ಒಲೆ ತಣ್ಣಗಾಗಲಿ ಎಂದು ಹೇಳುವ ಧೈರ್ಯವನ್ನು ಅವರಿಗೆ ಮನೆಯವರೇ ಕೊಡಬೇಕು. ಅಂದು ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಹೇಳಲಿಲ್ಲ.

ಇಂದು ಬೆಳಗ್ಗೆಯೂ ಅಕ್ಕ ಪೂಜೆಗೆ ಕುಳಿತಿದ್ದರು. ಮುದುಡಿದ ಅಂಗೈ ತುಸು ನಡುಗುತ್ತಿತ್ತು, ಲಿಂಗವು ಕದಲದೆ ಇತ್ತು. ಎಲ್ಲರ ಮನೆಯ ಒಲೆಯೂ ಅನ್ನಕ್ಕಷ್ಟೇ ಉರಿಯಲೆಂದು ಬೇಡುತ್ತೇವೆ.